ಬಲೆನೊ 'ಜೀಟಾ ಹೈಬ್ರಿಡ್' ಹೌದೋ ಅಲ್ಲವೋ?

ಮಂಗಳೂರಿನ 2020ರ ಮಾರುತಿ ಬಲೆನೊ ಕಾರು, ಮಾರುವವರು ಜೀಟಾ ಹೈಬ್ರಿಡ್ (ಇಂಜಿನ್ನಿಗೆ ಸಣ್ಣ ವಿದ್ಯುತ್ ಮೋಟರಿನ ನೆರವಿರುವ ಗಾಡಿ) ಅಂತಾರೆ, ಆರ್‌ಸಿಯಲ್ಲಿ 1197 ಸಿಸಿ ಅಂತಷ್ಟೇ ಇದೆ ಅಂದಿರಿ. ಆ ಸಂಖ್ಯೆಯಿಂದ ಏನೂ ತಿಳಿಯದು. ಆಗ ಬಲೆನೊದಲ್ಲಿ ಎರಡು ಪೆಟ್ರೋಲ್ ಇಂಜಿನ್ ಬರುತ್ತಿದ್ದವು, ಎರಡೂ 1197. ಹಳೆಯದು ಕೆ12ಎಂ, 83 ಪಿಎಸ್; ಡ್ಯುಯಲ್‌ಜೆಟ್ ಕೆ12ಎನ್, 90 ಪಿಎಸ್. ಹೈಬ್ರಿಡ್ ಬಂದದ್ದು ಎರಡನೆಯದರ ಜೊತೆಗೆ, ಡೆಲ್ಟಾ ಮತ್ತು ಜೀಟಾ ಎಂಬ ಮಾದರಿಗಳ ಮ್ಯಾನುವಲ್ ಗೇರಿನಲ್ಲಿ ಮಾತ್ರ. ಆಟೊಮ್ಯಾಟಿಕ್ ಗಾಡಿ ತೋರಿಸಿ ಹೈಬ್ರಿಡ್ ಅಂದರೆ ಅಲ್ಲಿಂದಲೇ ವಾಪಸು ಬನ್ನಿ ಮಾರಾಯ್ರೆ.

ಆರ್‌ಸಿಯ ಇಂಜಿನ್ ನಂಬರಿನ ಮೊದಲ ಅಕ್ಷರಗಳನ್ನು ಓದಿ, ಕೆ12ಎನ್ ಇರಬೇಕು. ಮತ್ತೆ ಬಾನೆಟ್ ಎತ್ತಿ, ಟಾರ್ಚ್ ಹಾಕಿ, ಬ್ಲಾಕ್ ಮೇಲೆ ಕೊರೆದ ನಂಬರಿಗೆ ಅಕ್ಷರಶಃ ಹೋಲಿಸಿ. ಡಿಕ್ಕಿ ಬಾಗಿಲಿನ ಹೈಬ್ರಿಡ್ ಬ್ಯಾಡ್ಜ್ ನಂಬಬೇಡಿ, ಅದು ಅಂಗಡಿಯಲ್ಲಿ ಸಿಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಐಡಲ್ ಸ್ಟಾಪ್ (ಗಾಡಿ ನಿಂತಾಗ ಇಂಜಿನ್ ತಾನೇ ಆರುವ ವ್ಯವಸ್ಥೆ) ಬಂದ್ ಮಾಡುವ ಗುಂಡಿ ಇರಬೇಕು. ಇಂಜಿನ್ ಬಿಸಿಯಾದ ಮೇಲೆ, ಬೆಲ್ಟ್ ಹಾಕಿ, ಎಸಿ ಆರಿಸಿ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ನೋಡಿ: ಇಂಜಿನ್ ತಾನೇ ನಿಲ್ಲಬೇಕು, ಕ್ಲಚ್ ಒತ್ತಿದಾಗ ಸದ್ದಿಲ್ಲದೆ ಹೊತ್ತಿಕೊಳ್ಳಬೇಕು. ನಿಲ್ಲದಿದ್ದರೆ ಬ್ಯಾಟರಿ ಸೊರಗಿರಲೂಬಹುದು.

ಜೀಟಾಕ್ಕೆ ಪುಶ್ ಸ್ಟಾರ್ಟ್, 195/55 ಆರ್16 ಟೈರು. ಡೆಲ್ಟಾಕ್ಕೆ 15 ಇಂಚು. ಅಲಾಯ್ ಆಮೇಲೆ ಹಾಕಿಸಬಹುದು, ಪುಶ್ ಸ್ಟಾರ್ಟ್ ಅಷ್ಟು ಸುಲಭವಲ್ಲ. ಎರಡೂ ಕೀಲಿ ಕೇಳಿ.

ಮಂಗಳೂರಿನ ಕೆಎ-19 ನೋಂದಣಿಯಿಂದ ಕಾಸರಗೋಡಿನ ಕೆಎಲ್-14ಕ್ಕೆ ತರುವುದಾದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ)ಯಲ್ಲೂ ಇಂಜಿನ್, ಚಾಸಿಸ್ ನಂಬರು ಸರಿಯಿರಲಿ. ಒಂದಕ್ಷರ ತಪ್ಪಿದರೂ ಕಾಸರಗೋಡು ಆರ್‌ಟಿಒದಲ್ಲಿ ಅಲೆದಾಟ. ಕೇರಳದ ತೆರಿಗೆಯನ್ನೂ ಲೆಕ್ಕ ಹಾಕಿಯೇ ದರ ಮಾತಾಡಿ.