ಹಿಮಾಲಯನ್ 450ಗೆ ಯಾವ್ಯಾವ ಗಾರ್ಡ್ ಹಾಕಿಸಬೇಕು? ಪೆಟ್ಟು ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಹಾಕಿಸಿ

ನೀವು ಕೇಳಿದ್ದು ಇಷ್ಟು: ಹಾಸನದಲ್ಲಿದ್ದೀರಿ, ವರ್ಷಗಟ್ಟಲೆ ಆಸೆಪಟ್ಟು ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ಬೈಕ್ ತಗೊಂಡಿದ್ದೀರಿ, ರಜೆ ಸಿಕ್ಕಾಗಲೆಲ್ಲ ಸಕಲೇಶಪುರ, ಬಿಸಿಲೆ, ಮೂಡಿಗೆರೆ ಕಡೆ ಹೋಗುತ್ತೀರಿ, ಮನೆಯವರೂ ಹಿಂದೆ ಕೂರುತ್ತಾರೆ. ಗಾಡಿಗೆ ಒಂದು ಗೀರೂ ಬೀಳಬಾರದು, ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿರುವುದನ್ನೆಲ್ಲ ಒಟ್ಟಿಗೆ ಹಾಕಿಸಿಬಿಡಲೇ ಅಂತ.

ನಾನೂ ಇದೇ ಗಾಡಿಯನ್ನು ಇದೇ ಮಲೆನಾಡಿನ ರಸ್ತೆಗಳಲ್ಲಿ ಓಡಿಸುವವನು. ನನ್ನ ಗಾಡಿಗೆ ಗಾರ್ಡುಗಳನ್ನು ನಾನೇ ಬಿಚ್ಚಿ ಹಾಕಿ ಮಾಡುತ್ತೇನೆ. ಎಲ್ಲವನ್ನೂ ಒಟ್ಟಿಗೆ ಹಾಕಿಸಬೇಡಿ. ಯಾವ ಗಾರ್ಡೂ ಪೆಟ್ಟನ್ನು ಪೂರ್ತಿ ನುಂಗಿಕೊಳ್ಳುವುದಿಲ್ಲ. ಒಂದು ಜಾಗಕ್ಕೆ ಬೀಳಬೇಕಾದ ಪೆಟ್ಟನ್ನು ಇನ್ನೊಂದು ಜಾಗಕ್ಕೆ ದಾಟಿಸುತ್ತದೆ. ಆ ಇನ್ನೊಂದು ಜಾಗ ಯಾವುದು ಅನ್ನುವುದರ ಮೇಲೆ ನಿಮ್ಮ ದುಡ್ಡು ದಂಡವೋ ಸಾರ್ಥಕವೋ ತೀರ್ಮಾನವಾಗುತ್ತದೆ. ಅಂಗಡಿಯಲ್ಲಿ ಗಾರ್ಡ್ ಕೈಗೆ ತಗೊಂಡಾಗ ಎಷ್ಟು ದಪ್ಪ ಇದೆ ಅಂತ ನೋಡುವುದಕ್ಕೆ ಮೊದಲು, ಇದು ಗಾಡಿಯಲ್ಲಿ ಎಲ್ಲಿಗೆ ಬೋಲ್ಟ್ ಆಗುತ್ತದೆ ಅಂತ ಕೇಳಿ.

ಈ ಗಾಡಿ ಹೆಚ್ಚಾಗಿ ಬೀಳುವುದು ನಿಂತಲ್ಲೇ, ಇಲ್ಲವೇ ನಡೆಯುವಷ್ಟು ನಿಧಾನದಲ್ಲಿ. ತೂಕ 196 ಕಿಲೋ, ಟ್ಯಾಂಕಿನಲ್ಲಿ 17 ಲೀಟರ್ ಪೆಟ್ರೋಲ್ ಹಿಡಿಯುತ್ತದೆ, ಸೀಟು ಎತ್ತರ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಇಳಿದರೆ, ಹತ್ತು ನಿಮಿಷದಲ್ಲಿ ಸ್ಟ್ಯಾಂಡಿನ ತುದಿ ಮೆತ್ತಗೆ ಮಣ್ಣಿಗೆ ಇಳಿದು ಗಾಡಿ ಎಡಕ್ಕೆ ಮಲಗಿರುತ್ತದೆ. ಅದಕ್ಕೇ ನಾನು ಮೊದಲು ಹೇಳುವುದು ಪಟ್ಟಿಯಲ್ಲಿ ಕೊನೆಗೆ ಬರುವ ಅಗ್ಗದ ವಸ್ತುವನ್ನು: ಸೈಡ್ ಸ್ಟ್ಯಾಂಡಿನ ಪಾದಕ್ಕೆ ಹಾಕುವ ಅಗಲದ ಪ್ಲೇಟು. ಗಾಡಿ ಬೀಳದಂತೆ ನೋಡಿಕೊಳ್ಳುವುದು ಇದೊಂದೇ. ಉಳಿದ ಗಾರ್ಡುಗಳು ಬಿದ್ದ ಮೇಲೋ ಕಲ್ಲು ಬಡಿದಾಗಲೋ ಕೆಲಸಕ್ಕೆ ಬರುವಂಥವು.

ಹಾಗೆ ಮಲಗಿದ ಗಾಡಿಯಲ್ಲಿ ನೆಲ ಮುಟ್ಟುವುದು ಹ್ಯಾಂಡಲ್ ತುದಿ, ಕ್ಲಚ್ ಲಿವರ್, ಫುಟ್‌ಪೆಗ್, ಆಮೇಲೆ ಎಂಜಿನ್ನಿನ ಪಕ್ಕ ಅಥವಾ ಟ್ಯಾಂಕಿನ ಮಗ್ಗುಲು. ಟ್ಯಾಂಕಿಗೆ ಡೆಂಟ್ ಆದರೆ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಅದೇ ಗಾಡಿಯಲ್ಲಿ ಮನೆ ಸೇರಬಹುದು. ಕ್ಲಚ್ ಲಿವರ್ ಬುಡದಲ್ಲಿ ಮುರಿದರೆ, ಎಂಜಿನ್ ಕವರ್ ಒಡೆದು ಆಯಿಲ್ ಸುರಿದರೆ, ರೇಡಿಯೇಟರ್ ತೂತಾದರೆ, ಬಿಸಿಲೆ ಕಾಡಿನ ನಡುವೆ ನೆಟ್‌ವರ್ಕ್ ಇಲ್ಲದೆ ನಿಲ್ಲಬೇಕಾಗುತ್ತದೆ. ದುಡ್ಡು ಖರ್ಚು ಮಾಡುವ ಕ್ರಮವೂ ಹಾಗೇ ಇರಲಿ. ಮನೆ ಸೇರಿಸುವ ಭಾಗಗಳಿಗೆ ಮೊದಲು, ಬಣ್ಣಕ್ಕೆ ಆಮೇಲೆ.

ಇನ್ನು ಕ್ರ್ಯಾಶ್ ಗಾರ್ಡ್, ಅಂದರೆ ಎಂಜಿನ್ನಿನ ಎರಡೂ ಪಕ್ಕಕ್ಕೆ ಹಾಕುವ ಪೈಪಿನ ಗಾರ್ಡ್. ಜನ ಇದರ ಪೈಪಿನ ದಪ್ಪ ನೋಡಿ ಕೊಳ್ಳುತ್ತಾರೆ. ಗಾಡಿ ಪಕ್ಕಕ್ಕೆ ಬಿದ್ದಾಗ ಪೈಪಿನ ಹೊರತುದಿ ನೆಲಕ್ಕೆ ಬಡಿಯುತ್ತದೆ, ಒಳತುದಿ ಬೋಲ್ಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ನಡುವಿನ ಉದ್ದ ಎಷ್ಟಿದೆಯೋ ಬೋಲ್ಟಿನ ಜಾಗವನ್ನು ತಿರುಚುವ ಬಲವೂ ಅಷ್ಟೇ ಹೆಚ್ಚು. ಪೈಪು ಬಾಗಿದರೆ ಒಳ್ಳೆಯದು, ಅದು ಇರುವುದೇ ಬಾಗುವುದಕ್ಕೆ. ಬಾಗಲಾರದಷ್ಟು ಗಟ್ಟಿ ಪೈಪನ್ನು ಒಂದೇ ಕ್ಲಾಂಪಿನಲ್ಲಿ ಕಟ್ಟಿದ್ದರೆ ಪೆಟ್ಟೆಲ್ಲ ಫ್ರೇಮಿಗೋ ಎಂಜಿನ್ ಕೂರುವ ಕಿವಿಗೋ ಹೋಗುತ್ತದೆ. ಗಾರ್ಡ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ, ಫ್ರೇಮ್ ಬದಲಾಯಿಸುವ ಮಾತು ಬಂದರೆ ಚಾಸಿ ನಂಬರಿನಿಂದ ಹಿಡಿದು ಆರ್‌ಟಿಓ ತನಕ ಅಲೆದಾಟ. ಹಾಗಾಗಿ ಮೂರು ನೋಡಿ. ಒಂದೊಂದು ಪಕ್ಕವೂ ಒಂದಕ್ಕಿಂತ ಹೆಚ್ಚು ಕಡೆ ಹಿಡಿದಿರಬೇಕು. ಎಡ ಮತ್ತು ಬಲದ ಗಾರ್ಡುಗಳ ನಡುವೆ ಅಡ್ಡಪಟ್ಟಿ ಇರಬೇಕು, ಆಗ ಪೆಟ್ಟು ಹಂಚಿಕೊಳ್ಳುತ್ತದೆ. ಗಾರ್ಡ್ ಹ್ಯಾಂಡಲ್ ಬಾರಿಗಿಂತ ಅಗಲಕ್ಕೆ ಚಾಚಿರಬಾರದು. ಅಷ್ಟು ಚಾಚಿದ್ದರೆ ಕಿರಿದಾದ ದಾರಿಯಲ್ಲಿ ಬೇಲಿಗೋ ಕಲ್ಲಿಗೋ ಮೊದಲು ತಗುಲುವುದು ಅದೇ.

ಇನ್ನೊಂದು ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ಗಾರ್ಡ್ ಕೂರಿಸಿದ ಮೇಲೆ ಗಾಡಿ ಮೇಲೆ ಕೂತು, ಕೆಸರಿನಲ್ಲಿ ಕಾಲೂರುವ ಹಾಗೆ ಎರಡೂ ಕಾಲು ಮುಂದಕ್ಕೆ ಚಾಚಿ ನೆಲಕ್ಕೆ ಇಡಿ. ಮೊಣಕಾಲ ಕೆಳಗಿನ ಮೂಳೆಗೆ ಪೈಪ್ ತಾಗಿದರೆ ಆ ಗಾರ್ಡ್ ಬೇಡ. ಮುಂದಿನ ಚಕ್ರ ಜಾರಿದಾಗ ಕಾಲು ಸಿಕ್ಕಿಹಾಕಿಕೊಳ್ಳುವುದು ಅದೇ ಸಂದಿಯಲ್ಲಿ.

ಕಾನೂನಿನ ವಿಷಯ ಕೇಳಿಲ್ಲ, ಆದರೂ ಹೇಳುತ್ತೇನೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅನಧಿಕೃತ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. ಆಧಾರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅಂದರೆ ಕಂಪನಿ ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಾಯಿಸಬಾರದು ಅನ್ನುವುದು. ಆಗ ಹೆಚ್ಚು ಸುದ್ದಿಯಾದದ್ದು ಕಾರುಗಳ ಮುಂದೆ ಕಟ್ಟುವ ಲೋಹದ ಚೌಕಟ್ಟು, ಅಂದರೆ ಬುಲ್ ಬಾರ್. ಬೈಕಿಗೆ ಕಂಪನಿಯೇ ಮಾರುವ ಗಾರ್ಡ್ ಹಾಕಿಸಿ, ಬಿಲ್ಲಿನ ಪ್ರತಿ ಇಟ್ಟುಕೊಳ್ಳುವುದು ಕ್ಷೇಮ. ವಾರಂಟಿ ಮಾತು ಬಂದಾಗಲೂ ಆ ಬಿಲ್ಲು ಬೇಕಾಗುತ್ತದೆ.

ಇದೇ ಕಾನೂನಿನ ಇನ್ನೊಂದು ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಸೀರೆ ಗಾರ್ಡ್ ತೆಗೆಸಿದರೆ ಗಾಡಿ ಚೆನ್ನಾಗಿ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಿಂದೆ ಒಬ್ಬರು ಕೂರುವ ಬೈಕಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ರಕ್ಷಣೆ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತದೆ ಅಂತ ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಬ್ಯಾಗ್ ಕಟ್ಟುವ ಸ್ಟೇ ಹಾಕಿಸಲು ಅದನ್ನು ಬಿಚ್ಚಲೇಬೇಕು ಅಂದರೆ, ಚಕ್ರವನ್ನು ಅಷ್ಟೇ ಮುಚ್ಚುವ ಸ್ಟೇಯನ್ನೇ ಹುಡುಕಿ. ನಿಮ್ಮ ಮನೆಯವರು ಹಿಂದೆ ಕೂರುವ ಗಾಡಿ ಅದು.

ಹ್ಯಾಂಡ್‌ಗಾರ್ಡ್ ಎರಡು ಥರ ಬರುತ್ತದೆ. ಬರೀ ಪ್ಲಾಸ್ಟಿಕ್ಕಿನದು ಗಾಳಿ, ಮಳೆ, ಮುಳ್ಳಿನ ಕೊಂಬೆ ತಡೆಯುತ್ತದೆ, ಬಿದ್ದಾಗ ಮಡಚಿಕೊಳ್ಳುತ್ತದೆ. ಒಳಗೆ ಅಲ್ಯೂಮಿನಿಯಂ ಪಟ್ಟಿ ಇದ್ದು, ಹ್ಯಾಂಡಲ್ ತುದಿಗೊಂದು, ನಡುವಿಗೊಂದು ಹೀಗೆ ಎರಡು ಕಡೆ ಕಚ್ಚಿಕೊಳ್ಳುವುದು ಲಿವರ್ ಉಳಿಸುತ್ತದೆ. ನಿಮಗೆ ಎರಡನೆಯದು ಬೇಕು. ಕೂರಿಸುವಾಗ ಕ್ಲಚ್ ಕೇಬಲ್ ಮತ್ತು ಮುಂದಿನ ಬ್ರೇಕ್ ಹೋಸ್ ಒತ್ತಿಕೊಳ್ಳದಂತೆ ನೋಡಬೇಕು. ಹ್ಯಾಂಡಲ್ಲನ್ನು ಪೂರಾ ಎಡಕ್ಕೆ, ಪೂರಾ ಬಲಕ್ಕೆ ತಿರುಗಿಸಿ, ಎರಡೂ ತುದಿಯಲ್ಲಿ ಕ್ಲಚ್ ಹಿಡಿದು ಬಿಟ್ಟು ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅನ್ನಿಸಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ ಅಂತ ಅರ್ಥ. ಎಂಜಿನ್ ಆನ್ ಇಟ್ಟು ಆಕ್ಸಿಲರೇಟರನ್ನೂ ಹೀಗೇ ನೋಡಿ. ಗ್ರಿಪ್ಪಿನ ತುದಿ ಗಾರ್ಡಿಗೆ ಉಜ್ಜುತ್ತಿದ್ದರೆ ಆಕ್ಸಿಲರೇಟರ್ ತಾನಾಗಿ ವಾಪಸ್ ಬರುವುದಿಲ್ಲ. ಘಾಟಿಯ ತಿರುವಿನಲ್ಲಿ ಅದು ಪ್ರಾಣಕ್ಕೇ ಬರುತ್ತದೆ.

ದುಡ್ಡೇ ಬೇಡದ ಒಂದು ಉಪಾಯವೂ ಇದೆ. ಕ್ಲಚ್ ಲಿವರಿನ ಕ್ಲಾಂಪನ್ನು ಅಲುಗದಷ್ಟು ಬಿಗಿ ಮಾಡಿ, ಆದರೆ ಕೈಯಿಂದ ಜೋರಾಗಿ ಒತ್ತಿದರೆ ಹ್ಯಾಂಡಲ್ ಮೇಲೆ ತಿರುಗುವಷ್ಟು ಬಿಡಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಕಾಡುದಾರಿಯಲ್ಲಿ ಓಡಿಸುವವರು ಹಿಂದಿನಿಂದ ಮಾಡುತ್ತಾ ಬಂದಿರುವುದು ಇದು. ಅದರ ಜೊತೆ ಒಂದು ಸ್ಪೇರ್ ಕ್ಲಚ್ ಲಿವರ್ ಸೀಟಿನಡಿಯಲ್ಲೋ ಬ್ಯಾಗಿನಲ್ಲೋ ಇರಲಿ.

450ಕ್ಕೆ ರೇಡಿಯೇಟರ್ ಗಾರ್ಡ್ ಬೇಕೇ ಬೇಕು. ಹಳೆಯ ಹಿಮಾಲಯನ್ 411ರ ಎಂಜಿನ್ ಗಾಳಿಗೆ ತಣ್ಣಗಾಗುತ್ತಿತ್ತು, ಇದಕ್ಕೆ ಕೂಲೆಂಟ್ ಇದೆ. ಮುಂದಿನ 21 ಇಂಚಿನ ಚಕ್ರ ಎತ್ತಿ ಎಸೆಯುವ ಕಲ್ಲು ನೇರವಾಗಿ ಬರುವುದು ರೇಡಿಯೇಟರ್ ಕಡೆಗೆ. ಜಾಲರಿಯ ಕಣ್ಣು ತೀರಾ ಸಣ್ಣದಾದರೆ ಕೆಸರು ತುಂಬಿ ಗಾಳಿ ನಿಲ್ಲುತ್ತದೆ, ಫ್ಯಾನ್ ಪದೇ ಪದೇ ತಿರುಗುತ್ತದೆ. ತೀರಾ ದೊಡ್ಡದಾದರೆ ಕಲ್ಲು ಒಳಗೇ ಹೋಗುತ್ತದೆ. ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಜೆಟ್ ಗನ್ನನ್ನು ಹತ್ತಿರದಿಂದ ಅದರ ಮೇಲೆ ಹಿಡಿಯಲು ಬಿಡಬೇಡಿ. ತೆಳುವಾದ ಫಿನ್‌ಗಳು ಒರಗಿ ಮುಚ್ಚಿಕೊಳ್ಳುತ್ತವೆ. ಮನೆಯ ಪೈಪಿನ ನೀರು, ಮೆತ್ತನೆಯ ಬ್ರಷ್ ಸಾಕು.

ಕಲ್ಲಿನ ಪೆಟ್ಟು ತಡೆಯಲು ಎಂಜಿನ್ ಕೆಳಗೆ ಹಾಕುವ ಬ್ಯಾಷ್ ಪ್ಲೇಟ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 230 ಮಿಲಿಮೀಟರ್. ಡಾಂಬರು ರಸ್ತೆ, ಸಾಧಾರಣ ಮಣ್ಣುದಾರಿ ಅಷ್ಟೇ ಆದರೆ ದಪ್ಪ ಅಲ್ಯೂಮಿನಿಯಂ ಪ್ಲೇಟಿಗೆ ಈಗಲೇ ದುಡ್ಡು ಹಾಕುವ ಅವಸರವಿಲ್ಲ. ಬಂಡೆ ಹತ್ತಿಸುವ, ಹಳ್ಳ ದಾಟುವ ಯೋಚನೆ ಇದ್ದರೆ ಹಾಕಿಸಿ. ಹಾಕಿಸುವಾಗ ಆಯಿಲ್ ಡ್ರೈನ್ ಬೋಲ್ಟಿಗೆ ಸ್ಪ್ಯಾನರ್ ಹೋಗುವಷ್ಟು ತೂತು ಇದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ಸರ್ವಿಸ್‌ನಲ್ಲೂ ಪ್ಲೇಟ್ ಬಿಚ್ಚುತ್ತಾರೆ, ಬಿಚ್ಚಿದಾಗಲೆಲ್ಲ ಥ್ರೆಡ್ ಸವೆಯುತ್ತದೆ. ಜಂಬಿಟ್ಟಿಗೆ ಮಣ್ಣು ಪ್ಲೇಟಿಗೂ ಎಂಜಿನ್ನಿಗೂ ನಡುವೆ ಕೂತು ಒಣಗಿದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. ಮಳೆಗಾಲದ ಸುತ್ತಾಟ ಮುಗಿಸಿ ಬಂದ ದಿನವೇ, ಮಣ್ಣು ಹಸಿ ಇರುವಾಗಲೇ ನೀರು ಬಿಟ್ಟು ತೆಗೆಯಿರಿ.

ಹೆಡ್‌ಲೈಟ್ ಗ್ರಿಲ್ ಬೇಡ. ಮಂಜು ಮುಸುಕಿದ ಚಾರ್ಮಾಡಿಯಲ್ಲಿ ನಿಮಗೆ ಇರುವಷ್ಟೂ ಬೆಳಕು ಬೇಕು, ಗ್ರಿಲ್ಲಿನ ನೆರಳು ರಸ್ತೆ ಮೇಲೆ ಬೀಳುತ್ತದೆ. ಟ್ಯಾಂಕಿಗೆ ಮೊಣಕಾಲು ಉಜ್ಜುವ ಜಾಗದಲ್ಲಿ, ಜಾಕೆಟ್ಟಿನ ಜಿಪ್ ತಾಗುವಲ್ಲಿ ಪಾರದರ್ಶಕ ಫಿಲ್ಮ್ ಅಂಟಿಸಿದರೆ ಸಾಕು, ಇಡೀ ಗಾಡಿಗೆ ಬೇಕಿಲ್ಲ. ಬಾಡಿ ಕವರನ್ನು ಬಿಸಿ ಸೈಲೆನ್ಸರ್ ಮೇಲೂ ಹಾಕಬೇಡಿ, ಒದ್ದೆ ಗಾಡಿ ಮೇಲೂ ಹಾಕಬೇಡಿ. ನಮ್ಮ ಮಳೆಗಾಲದಲ್ಲಿ ಕವರಿನೊಳಗೆ ಸಿಕ್ಕಿಕೊಂಡ ತೇವವೇ ಬೋಲ್ಟು, ಚೈನು, ಸ್ಪೋಕುಗಳಿಗೆ ತುಕ್ಕು ಹಿಡಿಸುತ್ತದೆ.

ಕೊಳ್ಳುವುದಕ್ಕಿಂತ ಕೂರಿಸುವುದರಲ್ಲೇ ಹೆಚ್ಚು ಗಾಡಿಗಳು ಕೆಡುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಶೋರೂಮಿನಲ್ಲಿ ಕೊಳ್ಳಿ, ಕೂರಿಸುವಾಗ ಪಕ್ಕದಲ್ಲಿ ನಿಂತಿರಿ. ಎಂಜಿನ್ ಹಿಡಿದಿರುವ ಬೋಲ್ಟನ್ನೇ ಬಿಚ್ಚಿ ಗಾರ್ಡ್ ಸೇರಿಸುವ ಕಡೆ, ಒಂದು ಸಲಕ್ಕೆ ಒಂದೇ ಬೋಲ್ಟ್ ಬಿಚ್ಚಬೇಕು, ಎಂಜಿನ್ ಕೆಳಗೆ ಆಸರೆ ಕೊಟ್ಟಿರಬೇಕು. ಹೊಸ ಬೋಲ್ಟುಗಳನ್ನೆಲ್ಲ ಮೊದಲು ಬರಿಗೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ ಹಿಡಿಸಬೇಕು. ಬರಿಗೈಯಲ್ಲಿ ತಿರುಗದ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ. ತೂತುಗಳು ಹೊಂದದಿದ್ದರೆ ರಾಡ್ ಹಾಕಿ ಎಳೆದು ಸೇರಿಸಲು ಬಿಡಬೇಡಿ. ಹಾಗೆ ಎಳೆದು ಕೂರಿಸಿದ ಗಾರ್ಡ್ ಫ್ರೇಮನ್ನು ಸದಾ ಜಗ್ಗುತ್ತಾ ಇರುತ್ತದೆ, ಕೆಲವು ಸ್ಪೀಡುಗಳಲ್ಲಿ ಫುಟ್‌ಪೆಗ್ ತನಕ ವೈಬ್ರೇಷನ್ ಬರುತ್ತದೆ. ಎಲ್ಲವೂ ಸಡಿಲವಾಗಿ ಕೂತ ಮೇಲೆ ಎಡಬಲ ಸರದಿಯಲ್ಲಿ ಬಿಗಿ ಮಾಡುತ್ತಾ ಬಂದು, ಕೊನೆಗೆ ಬಿಗಿ ಎಷ್ಟಾಯಿತು ಅಂತ ಅಳೆಯುವ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟಕ್ಕೆ ನಿಲ್ಲಿಸಬೇಕು.

ಬೋಲ್ಟಿನ ತಲೆಯನ್ನೂ ಓದಿ. ಅದರ ಮೇಲೆ 8.8 ಅಥವಾ 10.9 ಅಂತ ಅಚ್ಚೊತ್ತಿರುತ್ತದೆ, ಅದು ಬೋಲ್ಟಿನ ಶಕ್ತಿಯ ದರ್ಜೆ. ಹೊಳೆಯುತ್ತದೆ ಅಂತ ಕೆಲವರು ಇದರ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಬಿಡುತ್ತಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಎ2-70 ಅಂತ ಇರುತ್ತದೆ, ತುಕ್ಕು ಹಿಡಿಯುವುದಿಲ್ಲ, ಆದರೆ 10.9ರಷ್ಟು ಬಲ ಅದಕ್ಕಿಲ್ಲ. ನಂಬರ್ ಪ್ಲೇಟಿಗೆ ಹಾಕಿಕೊಳ್ಳಲಿ, ಎಂಜಿನ್ ಹಿಡಿಯುವ ಜಾಗಕ್ಕೆ ಬೇಡ. ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ಅಂದರೆ ಥ್ರೆಡ್‌ಲಾಕರ್ ಹಚ್ಚುವುದಾದರೆ ನೀಲಿ ಬಣ್ಣದ್ದು, ಒಂದು ಹನಿ, ಲೋಹದ ಬೋಲ್ಟಿಗೆ ಮಾತ್ರ. ಹ್ಯಾಂಡ್‌ಗಾರ್ಡಿನ ಪ್ಲಾಸ್ಟಿಕ್ಕಿಗೆ ತಾಗಿದರೆ ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ.

ಪೌಡರ್ ಕೋಟಿಂಗ್ ಇರುವ ಗಾರ್ಡಿನಲ್ಲಿ ಬೋಲ್ಟ್ ತಲೆಯ ಕೆಳಗಿನ ಬಣ್ಣದ ಪದರ ಕೆಲವು ದಿನದಲ್ಲಿ ನುಗ್ಗಾಗಿ ತೆಳುವಾಗುತ್ತದೆ, ಬಿಗಿ ಮಾಡಿದ್ದು ಸಡಿಲವಾಗುತ್ತದೆ. ಅದಕ್ಕೆ ಕೂರಿಸಿದ ದಿನವೇ ಬೋಲ್ಟ್ ತಲೆಯಿಂದ ಗಾರ್ಡಿನ ಮೇಲೆ ದಾಟುವಂತೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಗೆರೆ ಸರಿಯಿದ್ದರೂ ಮೊದಲ ದೂರದ ಓಡಾಟ ಆದ ಮೇಲೆ ಒಮ್ಮೆ ರೆಂಚ್ ಹಾಕಿ ನೋಡಿ. ಆಮೇಲೆ ಮುಂಗಾರಿಗೆ ಮೊದಲೊಮ್ಮೆ, ಆಯುಧಪೂಜೆಗೆ ಗಾಡಿ ತೊಳೆಯುವಾಗಲೊಮ್ಮೆ ನೋಡಿದರೆ ಸಾಕು. ಪೈಪಿನ ವೆಲ್ಡಿಂಗ್ ಹತ್ತಿರ ಬಣ್ಣ ಎದ್ದಿದ್ದರೆ ಆಗಲೇ ಉಜ್ಜಿ ಬಣ್ಣ ಹಚ್ಚಿ, ತುಕ್ಕು ಶುರುವಾಗುವುದು ಅಲ್ಲಿಂದಲೇ.

ಒಂದೇ ಸಲಕ್ಕೆ ಇಷ್ಟೂ ದುಡ್ಡು ಇಲ್ಲದಿದ್ದರೆ ಮೊದಲು ಸ್ಟ್ಯಾಂಡ್ ಪ್ಲೇಟ್, ರೇಡಿಯೇಟರ್ ಗಾರ್ಡ್, ಪಟ್ಟಿ ಇರುವ ಹ್ಯಾಂಡ್‌ಗಾರ್ಡ್. ಆಮೇಲೆ ಎಂಜಿನ್ ಪಕ್ಕದ ಗಾರ್ಡ್. ಇವೆಲ್ಲಕ್ಕೂ ಮೊದಲು, ಇನ್ನೂ ತಗೊಂಡಿಲ್ಲದಿದ್ದರೆ, ನಿಮಗೂ ಮನೆಯವರಿಗೂ ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್, ಕೈಗವಸು, ಕಾಲಿಗೆ ಪಾದದ ಕೀಲು ಮುಚ್ಚುವ ಬೂಟು. ವಿಮೆ ನವೀಕರಿಸುವಾಗ ಹಾಕಿಸಿದ ಆಕ್ಸೆಸರಿಗಳನ್ನು ಪಾಲಿಸಿಯಲ್ಲಿ ತೋರಿಸಿ, ಇಲ್ಲವಾದರೆ ಅವುಗಳ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಗಾಡಿಯಿಂದ ಬಿಚ್ಚಿದ ಕಂಪನಿ ಬೋಲ್ಟು, ವಾಷರ್, ಸ್ಪೇಸರ್‌ಗಳನ್ನು ಯಾವುದು ಎಲ್ಲಿಯದು ಅಂತ ಬರೆದು ಒಂದು ಕವರಿನಲ್ಲಿ ಹಾಕಿಸಿಕೊಂಡು ಮನೆಗೆ ತನ್ನಿ. ಮುಂದೊಂದು ದಿನ ಬಾಗಿದ ಗಾರ್ಡನ್ನು ತೆಗೆದು, ಹೊಸದು ಬರುವ ತನಕ ಗಾಡಿ ಓಡಿಸಬೇಕಾದಾಗ ಆ ಬೋಲ್ಟುಗಳೇ ಬೇಕು.