ನಿಮ್ಮ ಕಥೆ ಒಂಬತ್ತನೇ ಪುಟದಲ್ಲಿದೆ

ನಮಸ್ಕಾರ.

ನೀವು ಕಳಿಸಿದ ‘ಹಿಮನದಿಗಳ ನಾಡಿನಲ್ಲಿ ಒಂಟಿ ಪಯಣ’ ಎರಡು ಸಲ ಓದಿದೆ. ಅಮೆರಿಕದ ಮೊಂಟಾನಾ, ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನ, ಕಾರಿನ ಹಿಂದಿನ ಸೀಟಿನಲ್ಲಿ ನಿಮ್ಮ ನಾಯಿಗಳು ಕರಿಯ ಮತ್ತು ಚುಕ್ಕಿ, ಸ್ಟೀರಿಂಗ್ ಹಿಡಿದು ನೀವೊಬ್ಬರೇ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸೋಕೂ ಮನಸ್ಸು ಬರುತ್ತಿಲ್ಲ.

ಹದಿನಾಲ್ಕು ಪುಟಗಳಲ್ಲಿ ಮೊದಲ ನಾಲ್ಕು ಸಾಮಾನು ಕಟ್ಟುವುದರಲ್ಲೇ ಮುಗಿಯುತ್ತವೆ. ಅವನ್ನು ಪೂರ್ತಿ ತೆಗೆಯಿರಿ. ‘ಸ್ವರ್ಗವೇ ಧರೆಗಿಳಿದಂತೆ’ ಮೂರು ಕಡೆ ಬಂದಿದೆ. ಆ ಮಾತನ್ನು ಯಾವ ಊರಿನ ಬಗ್ಗೆ ಬೇಕಾದರೂ ಬರೆಯಬಹುದು. ಆದರೆ ಮೆಕ್‌ಡೊನಾಲ್ಡ್ ಸರೋವರದ ತಿಳಿನೀರಿನಲ್ಲಿ ಕೆಂಪು, ಹಸಿರು ಕಲ್ಲು ಕಂಡು ಚುಕ್ಕಿ ಎತ್ತಿದ ಕಾಲನ್ನು ಇಡದೆ ಹಾಗೇ ನಿಂತಳು ಅಂತ ಬರೆದಿದ್ದೀರಲ್ಲ, ಅದು ನಿಮ್ಮದು. ಅಂಥದ್ದು ಇನ್ನೂ ಜಾಸ್ತಿ ಬೇಕಿತ್ತು.

ಈಗ ಒಂಬತ್ತನೇ ಪುಟಕ್ಕೆ ಬರೋಣ. ಗೋಯಿಂಗ್ ಟು ದ ಸನ್ ರಸ್ತೆ ಹತ್ತಿ, 6,646 ಅಡಿ ಎತ್ತರದ ಬೆಟ್ಟದ ಕಣಿವೆದಾರಿ ಲೋಗನ್ ಪಾಸ್ ತಲುಪುತ್ತೀರಿ. ಎಲ್ಲರೂ ಕಾರು ನಿಲ್ಲಿಸಿ ಹಿಡನ್ ಲೇಕ್ ಕಡೆ ನಡೆಯುತ್ತಿದ್ದಾರೆ. ಕರಿಯ ಕಿಟಕಿಗೆ ಮೂಗೊತ್ತಿ ಅವರನ್ನೇ ನೋಡುತ್ತಿದ್ದಾನೆ, ಅವನ ಉಸಿರಿಗೆ ಗಾಜು ಮಬ್ಬಾಗುತ್ತಿದೆ. ಇಷ್ಟು ಬರೆದು ನೀವು ಒಂದೇ ಸಾಲಿನಲ್ಲಿ ಮುಗಿಸುತ್ತೀರಿ: ‘ನಾಯಿಗಳನ್ನು ಬಿಡುವುದಿಲ್ಲವಂತೆ, ಮುಂದೆ ಹೊರಟೆವು.’

ಅಲ್ಲಿ ನಾನು ಓದು ನಿಲ್ಲಿಸಿದೆ. ನಿಮ್ಮ ಬರಹದ ಜೀವ ಇರುವುದು ಅಲ್ಲೇ ಅಲ್ವಾ? ಆ ಉದ್ಯಾನದ ಯಾವ ಕಾಲುದಾರಿಗೂ ನಾಯಿ ಕಾಲಿಡುವಂತಿಲ್ಲ. ರಸ್ತೆ ಬದಿ, ಪಾರ್ಕಿಂಗ್ ಜಾಗ, ಪಿಕ್ನಿಕ್ ಜಾಗ, ಕಾರಿನಲ್ಲಿ ಹೋಗಬಹುದಾದ ಕ್ಯಾಂಪ್‌ಗ್ರೌಂಡ್, ಇಂಥ ಕಡೆ ಮಾತ್ರ. ಅದೂ ಆರು ಅಡಿ ಮೀರದ ಹಗ್ಗದಲ್ಲಿ. ಕರಡಿಗಳಿರುವ ಕಾಡು. ನಾಯಿ ಬೊಗಳಿ ಕರಡಿಯನ್ನು ಕೆಣಕಬಹುದು. ನಾಯಿಯ ವಾಸನೆಗೇ ಉಳಿದ ಪ್ರಾಣಿಗಳು ಬೆದರುತ್ತವೆ. ಕಾರಣ ಸರಿಯಾಗೇ ಇದೆ, ಆದರೆ ಅದಕ್ಕೆ ನೀವು ತೆತ್ತ ಬೆಲೆ ಏನು? ಜೊತೆಗೆ ಇನ್ನೊಬ್ಬರಿದ್ದರೆ ಸರದಿಯಲ್ಲಿ ಹೋಗಿಬರಬಹುದಿತ್ತು. ನೀವು ಒಬ್ಬರೇ. ಬಿಸಿಲಲ್ಲಿ ಕಾದ ಕಾರಿನೊಳಗೆ ಅವರನ್ನು ಬಿಟ್ಟುಹೋಗುವ ಹಾಗಿಲ್ಲ. ಅಷ್ಟು ದೂರ ಬಂದು, ಗ್ರಿನ್ನೆಲ್ ಹಿಮನದಿಯ ದಾರಿಯನ್ನೂ ತುಳಿಯದೆ ಹೊರಟಿರಿ. ಶೀರ್ಷಿಕೆಯ ‘ಒಂಟಿ’ ಅನ್ನೋ ಮಾತಿಗೆ ಅರ್ಥ ಸಿಗುವುದು ಈ ಜಾಗದಲ್ಲಿ. ಸಿಟ್ಟು ಬಂತಾ? ನಾಯಿಗಳ ಮೇಲೆ ಬಂತಾ? ಬಂದಿದ್ದರೆ ಬರೆಯಿರಿ, ನಾಚಿಕೆ ಬೇಡ. ನಾನೂ ನಾಯಿ ಸಾಕಿದವನು. ಪ್ರೀತಿಯ ಜೊತೆಗೇ ಆ ಸಿಟ್ಟೂ ಇರುತ್ತದೆ, ಗೊತ್ತು.

ಎರಡು ತಪ್ಪು ತಿದ್ದಿಕೊಳ್ಳಿ. ರಸ್ತೆ ಬದಿಯಲ್ಲಿ ಕಂಡ ಬಿಳಿ ತೇಪೆಯನ್ನೆಲ್ಲ ಹಿಮನದಿ ಅಂದಿದ್ದೀರಿ. ಬೇಸಿಗೆಯವರೆಗೆ ಕರಗದೆ ಉಳಿದ ಹಿಮ ಬೇರೆ, ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗೆ ಹರಿಯುವ ಮಂಜುಗಡ್ಡೆ ಬೇರೆ. ನಮ್ಮ ಪದದಲ್ಲೇ ‘ನದಿ’ ಇದೆ ನೋಡಿ. ಇನ್ನು ‘2020ಕ್ಕೆ ಇಲ್ಲಿನ ಹಿಮನದಿಗಳೆಲ್ಲ ಮಾಯ’ ಎನ್ನುವ ಸಾಲು ಹಳೆಯ ಫಲಕಗಳದ್ದು, ಆ ಫಲಕಗಳನ್ನು ಉದ್ಯಾನದವರೇ ಬದಲಿಸಿದರು. ಕರಗುತ್ತಿರುವುದಂತೂ ನಿಜ. 1966ರಿಂದ 2015ರ ನಡುವೆ ಹೆಸರಿರುವ ಒಂದೊಂದು ಹಿಮನದಿಯೂ ಕುಗ್ಗಿದೆ. ಕನಿಷ್ಠ 0.1 ಚದರ ಕಿಲೋಮೀಟರ್ ಇದ್ದರೆ ಮಾತ್ರ ಹಿಮನದಿ ಎಂದು ಎಣಿಸುತ್ತಾರೆ. ಆ ಲೆಕ್ಕದಲ್ಲಿ 2015ರಲ್ಲಿ ಉಳಿದಿದ್ದು 26. ಕಣ್ಣೆದುರೇ ಕಿರಿದಾಗುತ್ತಿರುವುದರ ಹತ್ತಿರಕ್ಕೂ ಹೋಗಲಾಗದೆ ನಿಂತಿದ್ದಿರಿ. ಈ ಸಂಖ್ಯೆಗೆ ಜಾಗ ಲೋಗನ್ ಪಾಸಿನ ಆ ಗಳಿಗೆಯಲ್ಲೇ. ಅದನ್ನು ಕೊನೆಯ ಪುಟದ ಭಾಷಣಕ್ಕೆ ಎತ್ತಿಡಬೇಡಿ.

ಪಾರ್ಕಿಂಗ್ ಜಾಗದಿಂದಲೇ ಶುರು ಮಾಡಿ, ಆರು ಪುಟಕ್ಕೆ ಇಳಿಸಿ ಕಳಿಸಿ. ನಾನೇ ಓದುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಜಾಕ್ಸನ್ ಹಿಮನದಿ ರಸ್ತೆಯಿಂದಲೇ ಕಾಣುವ ತಿರುವಿನಲ್ಲಿ ಇಬ್ಬರನ್ನೂ ಕೆಳಗಿಳಿಸಿದೆ ಅಂದಿದ್ದೀರಿ. ನೀವು ದೂರದ ಹಿಮ ನೋಡುತ್ತಿದ್ದಾಗ ಕರಿಯ ಏನು ಮಾಡುತ್ತಿದ್ದ?