ಕಾರಿನ ಕಂಪನಿ ಸ್ಪೀಕರ್ ಬದಲಿಸುವುದಾದರೆ ಹಣ ಮೊದಲು ಎಲ್ಲಿ ಹಾಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕಾರಿಗೆ ಎರಡು ವರ್ಷ, ವಾರಂಟಿ ಇನ್ನೂ ಇದೆ, ಟಚ್‌ಸ್ಕ್ರೀನ್ ಬದಲಿಸುವ ಹಾಗಿಲ್ಲ, ಕೈಯಲ್ಲಿ 20 ಸಾವಿರ ಇದೆ. ಚಿಕ್ಕಮಗಳೂರಿನ ಅಂಗಡಿಯವರು ನಾಲ್ಕೂ ಬಾಗಿಲಿಗೆ ಹೊಸ ಸ್ಪೀಕರ್, ಡಿಕ್ಕಿಗೊಂದು ವೂಫರ್ (ಕೆಳಗಿನ ಸ್ವರಗಳ ದೊಡ್ಡ ಸ್ಪೀಕರ್) ಹಾಕಿಸಿಕೊಳ್ಳಿ ಅನ್ನುತ್ತಿದ್ದಾರೆ. ಹಾಕಿಸಬಹುದೇ?

ಬೇಡ. ಅಷ್ಟೇ ಹಣದಲ್ಲಿ ಮುಂದಿನ ಎರಡು ಬಾಗಿಲುಗಳನ್ನು ಸರಿಯಾಗಿ ಮಾಡಿಸಿ. ನಾನು ಹಾಸನದವನು, ನನ್ನ ಕಾರಿಗೂ ನೆಂಟರಿಷ್ಟರ ಕಾರುಗಳಿಗೂ ಈ ಕೆಲಸ ಕೈಯಾರೆ ಮಾಡಿದ್ದೇನೆ. ಪ್ರತಿ ಸಲವೂ ದೊಡ್ಡ ವ್ಯತ್ಯಾಸ ಬಂದದ್ದು ಸ್ಪೀಕರ್‌ನ ಬ್ರ್ಯಾಂಡ್‌ನಿಂದಲ್ಲ, ಬಾಗಿಲಿನಿಂದ.

ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಇರುತ್ತದಲ್ಲ, ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಬಾಗಿಲಿನದು. ಡೋರ್ ಪ್ಯಾಡ್ ಬಿಚ್ಚಿಸಿ ಒಮ್ಮೆ ನೋಡಿ. ಹೊರಗಡೆ ತೆಳು ತಗಡು, ಒಳಗಡೆ ಇನ್ನೊಂದು ತಗಡು. ಬಹಳಷ್ಟು ಕಾರುಗಳಲ್ಲಿ ಒಳತಗಡಿನ ತುಂಬ ಗ್ಲಾಸ್ ಮೋಟಾರಿನ ರಿಪೇರಿಗೆಂದು ಬಿಟ್ಟ ಕಿಂಡಿಗಳು, ಅವುಗಳ ಮೇಲೆ ಬರೀ ಒಂದು ಪ್ಲಾಸ್ಟಿಕ್ ಹಾಳೆ. ಸ್ಪೀಕರ್‌ನ ಕೋನ್, ಅಂದರೆ ಅದರ ನಡುವೆ ಅದುರುವ ಬಟ್ಟಲು, ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟುತ್ತದೆ. ಆ ಅಲೆ ಕಿಂಡಿಗಳಿಂದ ತೂರಿಬಂದು ಮುಂದಿನ ಅಲೆಗೆ ಸೇರಿದರೆ ಒಂದನ್ನೊಂದು ಅಳಿಸುತ್ತವೆ, ಅದರಲ್ಲೂ ಕೆಳಗಿನ ಸ್ವರಗಳನ್ನು. ಸಾಲದ್ದಕ್ಕೆ ತಗಡು ತಾನೇ ಅದುರಿ ತನ್ನ ದನಿಯನ್ನೂ ಸೇರಿಸುತ್ತದೆ. ಬುರುಡೆ ಒಡೆದ ತಂಬೂರಿಗೆ ಎಂಥ ತಂತಿ ಬಿಗಿದರೂ ನಾದ ಹೊರಡುವುದಿಲ್ಲ, ಇಲ್ಲಿಯೂ ಅಷ್ಟೇ.

ಆದ್ದರಿಂದ ಬಜೆಟ್‌ನಲ್ಲಿ ನಾಲ್ಕನೇ ಒಂದು ಪಾಲನ್ನು ಬ್ಯುಟೈಲ್ ಡ್ಯಾಂಪಿಂಗ್ ಶೀಟಿಗೆ, ಅಂದರೆ ತಗಡಿನ ಅದುರು ತಗ್ಗಿಸುವ ರಬ್ಬರಿನಂಥ ಅಂಟುಹಾಳೆಗೆ, ಮೀಸಲಿಡಿ. ಸ್ಪೀಕರ್ ಹಿಂದಿನ ಹೊರತಗಡಿಗೆ ಒಂದಷ್ಟು ಅಂಟಿಸಿ ರೋಲರ್‌ನಿಂದ ಚೆನ್ನಾಗಿ ಒತ್ತಬೇಕು, ಆಮೇಲೆ ಒಳತಗಡಿನ ಕಿಂಡಿಗಳನ್ನು ಮುಚ್ಚಬೇಕು. ಬಾಗಿಲನ್ನು ಬೆರಳಲ್ಲಿ ತಟ್ಟಿದಾಗ ಡಬ್ಬದ ಸದ್ದು ಹೋಗಿ ಮೆತ್ತನೆಯ ಸದ್ದು ಬಂದರೆ ಸಾಕು. ಇಡೀ ಬಾಗಿಲಿಗೆ ಸುತ್ತಿ ಭಾರ ಮಾಡಬೇಕಾಗಿಲ್ಲ. ಡೋರ್ ಪ್ಯಾಡ್ ಹಿಂದೆ ನೇತಾಡುವ ವೈರುಗಳಿಗೆ ಬಟ್ಟೆಯ ಟೇಪ್ ಸುತ್ತಿಸಿ. ಕಿರಿಕಿರಿ ಸದ್ದು ಬಹುಪಾಲು ಅಲ್ಲಿಂದಲೇ ಬರುವುದು.

ನಮ್ಮ ಕಡೆ ಇನ್ನೊಂದು ವಿಷಯವಿದೆ, ಅದು ಮಳೆ. ಗ್ಲಾಸಿನ ಪಕ್ಕದ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ಮಳೆನೀರು ಬಾಗಿಲಿನೊಳಗೆ ಇಳಿದು ತಳದ ಸಣ್ಣ ತೂತುಗಳಿಂದ ಹೊರಹೋಗುವಂತೆಯೇ ಕಾರು ಕಟ್ಟಿರುತ್ತಾರೆ. ಸಕಲೇಶಪುರದ ಕಡೆಯ ನೆಂಟರೊಬ್ಬರ ಕಾರಿಗೆ ಶೀಟ್ ಅಂಟಿಸಿದವರು ಆ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಜುಲೈ ಹೊತ್ತಿಗೆ ಬಾಗಿಲು ತೆರೆದಾಗಲೆಲ್ಲ ಒಳಗೆ ನೀರು ಕುಲುಕುವ ಸದ್ದು ಕೇಳುತ್ತಿತ್ತು. ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಓಡಾಡುವ ನೀವು ಇದನ್ನು ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಸ್ಪೀಕರ್ ಕೂರಿಸುವ ರಿಂಗ್ ಕೂಡ ಬರೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ನೀರು ಕುಡಿದು ಉಬ್ಬುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದನ್ನೇ ಕೇಳಿ. ರಿಂಗ್ ಮತ್ತು ತಗಡಿನ ನಡುವೆ ಫೋಮ್ ಗ್ಯಾಸ್ಕೆಟ್ ಇರಲಿ.

ಈಗ ಸ್ಪೀಕರ್. ಹೊಸದು ಹಾಕಿಸಿದ ಮೇಲೆ ಸೌಂಡು ಕಮ್ಮಿಯಾಯಿತು ಎಂದು ಹಲವರು ಹೇಳುವುದನ್ನು ನೀವೂ ಕೇಳಿರಬಹುದು. ಅದು ಭ್ರಮೆಯಲ್ಲ. ಕಂಪನಿ ಸ್ಪೀಕರ್‌ನ ಕಾಗದದ ಕೋನ್ ಹಗುರ, ಸ್ವಲ್ಪ ಪವರ್‌ಗೇ ಜೋರಾಗಿ ಕೇಳುತ್ತದೆ. ಹೊರಗೆ ಕೊಳ್ಳುವ ಎಷ್ಟೋ ಸ್ಪೀಕರ್‌ಗಳ ಕೋನ್ ಮತ್ತು ಅಂಚಿನ ರಬ್ಬರು ಭಾರ, ಅವಕ್ಕೆ ಹೆಚ್ಚು ಪವರ್ ಬೇಕು. ಆ ಪವರ್ ನಿಮ್ಮ ಟಚ್‌ಸ್ಕ್ರೀನ್ ಹಿಂದಿನ ಆಂಪ್ (ಸ್ಪೀಕರ್‌ಗೆ ಪವರ್ ಕೊಡುವ ಆಂಪ್ಲಿಫೈಯರ್) ಚಿಪ್‌ನಲ್ಲಿ ಇರುವುದಿಲ್ಲ. ಇಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. 14ರ ತುದಿ ಮುಟ್ಟುವ ಅಲೆ ಆರ್‌ಎಂಎಸ್ (ಪವರ್ ಲೆಕ್ಕಕ್ಕೆ ಬಳಸುವ ಒಂದು ಬಗೆಯ ಸರಾಸರಿ) ಲೆಕ್ಕದಲ್ಲಿ ಸುಮಾರು 10 ವೋಲ್ಟ್. 10ರ ವರ್ಗ 100, ಅದನ್ನು ಸ್ಪೀಕರ್‌ನ ತಡೆಯಾದ 4 ಓಮ್‌ನಿಂದ ಭಾಗಿಸಿದರೆ 25 ವ್ಯಾಟ್. ಚಿಪ್‌ನೊಳಗಿನ ನಷ್ಟ ಕಳೆದರೆ ಒಂದು ಸ್ಪೀಕರ್‌ಗೆ ಶುದ್ಧವಾಗಿ ಸಿಗುವುದು 20ರ ಆಸುಪಾಸು. ಡಬ್ಬಿಯ ಮೇಲಿನ 50 ವ್ಯಾಟ್, 300 ವ್ಯಾಟ್ ಅಂಕಿಗಳನ್ನು ನೋಡಿ ಕೊಳ್ಳಬೇಡಿ. ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್‌ಗೆ ಎಷ್ಟು ಜೋರಾಗಿ ಹಾಡುತ್ತದೆ ಎಂಬುದು, ಎಷ್ಟು ಡೆಸಿಬೆಲ್ ಎಂದು ನೋಡಿ. 3 ಡೆಸಿಬೆಲ್ ಕಮ್ಮಿಯಿರುವ ಸ್ಪೀಕರ್ ಅಷ್ಟೇ ಜೋರಾಗಿ ಹಾಡಲು ಎರಡರಷ್ಟು ಪವರ್ ಬೇಡುತ್ತದೆ. ಆಂಪ್ ಇಲ್ಲದೆ ನಡೆಸುವುದಾದರೆ 90ರ ಮೇಲಿರುವುದನ್ನೇ ಆರಿಸಿ.

ಮುಂದಿನ ಬಾಗಿಲುಗಳಿಗೆ ಕಾಂಪೊನೆಂಟ್ ಸೆಟ್ ತೆಗೆದುಕೊಳ್ಳಿ, ಅಂದರೆ ಬಾಗಿಲಿನ ವೂಫರ್ ಬೇರೆ, ಮೇಲಿನ ಸ್ವರಗಳ ಚಿಕ್ಕ ಟ್ವೀಟರ್ ಬೇರೆ, ನಡುವೆ ಸ್ವರಗಳನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್. ಹಿಂದಿನ ಕಂಪನಿ ಸ್ಪೀಕರ್ ಹಾಗೇ ಇರಲಿ, ಧ್ವನಿಯನ್ನು ಫೇಡರ್‌ನಲ್ಲಿ (ಮುಂದೆ-ಹಿಂದೆ ಹಂಚುವ ಸೆಟಿಂಗ್) ಮುಂದಕ್ಕೆ ತನ್ನಿ. ಸಂಗೀತ ಕಚೇರಿಯಲ್ಲಿ ಯಾರೂ ವೇದಿಕೆಗೆ ಬೆನ್ನು ಹಾಕಿ ಕೂರುವುದಿಲ್ಲವಲ್ಲ. ಬಿಚ್ಚಿದ ಸ್ಪೀಕರ್‌ಗೆ ಮೀಟರ್ ಹಿಡಿಸಿ ನೋಡಿ. 3ರಿಂದ 4 ಓಮ್ ತೋರಿಸಿದರೆ ಮಾಮೂಲಿ 4 ಓಮ್‌ನದು. ಅದಕ್ಕಿಂತ ಬಹಳ ಕಮ್ಮಿ ತೋರಿಸಿದರೆ, ಅಥವಾ ಕಾರಿಗೆ ಕಂಪನಿಯಿಂದಲೇ ದೊಡ್ಡ ಬ್ರ್ಯಾಂಡಿನ ಸೆಟ್ ಬಂದಿದ್ದರೆ, ಒಳಗೆ ಬೇರೆ ಆಂಪ್ ಇರಬಹುದು. ಆಗ ಬಾಗಿಲಿಗೆ ಶೀಟ್ ಹಾಕಿಸಿ ಅಷ್ಟಕ್ಕೇ ನಿಲ್ಲಿಸಿ.

ವೈರ್ ಕತ್ತರಿಸಲು ಬಿಡಲೇಬೇಡಿ. ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ (ಕತ್ತರಿಸದೆ ಚುಚ್ಚಿ ಸೇರಿಸುವ ಪ್ಲಗ್) ಸಿಗುತ್ತದೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆಸಿ ರೋಡಿನಿಂದ ತರಿಸಬಹುದು. ಆಗ ವಾರಂಟಿಯ ಮಾತು ಬಂದರೂ ಹಳೆಯದನ್ನು ಮತ್ತೆ ಚುಚ್ಚಿದರೆ ಮುಗಿಯಿತು. ಟ್ವೀಟರ್‌ಗೆಂದು ಗಾಜಿನ ಪಕ್ಕದ ಕಂಬದಲ್ಲಿ ತೂತು ಕೊರೆಯುತ್ತೇವೆ ಎಂದರೆ ಒಪ್ಪಬೇಡಿ. ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಸಾಗುವ ಜಾಗ ಅದೇ. ಕೆಲವು ಕಾರುಗಳ ಬಾಗಿಲೊಳಗೆ ಅಪಘಾತದ ಹೊಡೆತವನ್ನು ಗುರುತಿಸುವ ಒತ್ತಡದ ಸೆನ್ಸರ್ ಕೂಡ ಇರುತ್ತದೆ, ಅದರ ಸುತ್ತ ಏನೂ ಅಂಟಿಸಬಾರದು, ಕಿಂಡಿ ಮುಚ್ಚುವ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಕೇಳಿಕೊಳ್ಳಿ. ಕೆಲಸ ಶುರು ಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆಸಿ.

ಕೆಲಸ ಮುಗಿದ ಕೂಡಲೇ ಅಂಗಡಿಯವರು ಹಾಕುವ ಧಡ್ ಧಡ್ ಹಾಡಿನಿಂದ ಏನೂ ಗೊತ್ತಾಗದು. ನಿಮ್ಮ ಕಿವಿಗೆ ರೂಢಿಯಾದ ಹಾಡನ್ನು ಬ್ಲೂಟೂತ್ ಬಿಟ್ಟು ಯುಎಸ್‌ಬಿಯಲ್ಲಿ ಕೇಳಿ. ನಾನು ನಮ್ಮ ಜಿಲ್ಲೆಯ ರುದ್ರಪಟ್ಟಣದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಕಚೇರಿ ಹಾಕುತ್ತೇನೆ. ಅವರ ಕಂಠ ಎರಡು ಬಾಗಿಲಿಂದ ಬೇರೆ ಬೇರೆಯಾಗಿ ಬರದೆ ಡ್ಯಾಶ್‌ಬೋರ್ಡ್ ಮೇಲೆ ಕೂತ ಹಾಗೆ ಬರಬೇಕು. ಮೃದಂಗದ ಎಡಗಡೆಯ ಗುಂಕಿ ಎಂಬ ತಗ್ಗು ನಾದ ದುಂಡಗೆ ಕೇಳಬೇಕು, ಬೊಗಳಿದ ಹಾಗಲ್ಲ. ಗುಂಕಿ ಪೂರ್ತಿ ಮಾಯವಾಗಿದ್ದರೆ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಉಲ್ಟಾ ಆಗಿರುತ್ತದೆ. ಆ ಸ್ಪೀಕರ್‌ನ ವೈರ್ ಬಿಚ್ಚಿ 1.5 ವೋಲ್ಟ್ ಸೆಲ್ ಅನ್ನು ಒಂದು ಕ್ಷಣ ಮುಟ್ಟಿಸಿ: ಪ್ಲಸ್‌ಗೆ ಪ್ಲಸ್ ಸೇರಿದಾಗ ಕೋನ್ ಹೊರಕ್ಕೆ ಬರಬೇಕು. ಟ್ವೀಟರ್‌ಗೆ ಮಾತ್ರ ಹೀಗೆ ಮಾಡಬೇಡಿ.

ಡಿಕ್ಕಿಯ ವೂಫರನ್ನು ಮುಂದಿನ ವರ್ಷ ಯೋಚಿಸಿ, ಅದೂ ಬೇರೆ ಆಂಪ್ ಹಾಕಿಸಿದ ಮೇಲೆ. ಟಚ್‌ಸ್ಕ್ರೀನ್ ಉಳಿಸಿಕೊಂಡೇ ಸ್ಪೀಕರ್ ವೈರ್‌ನಿಂದ ಸಿಗ್ನಲ್ ತೆಗೆದುಕೊಳ್ಳುವ ಡಿಎಸ್‌ಪಿ ಆಂಪ್‌ಗಳಿವೆ (ಧ್ವನಿಯನ್ನು ಡಿಜಿಟಲ್ ಆಗಿ ತಿದ್ದುವಂಥವು), ನಿಮಗೆ ಹೊಂದುವುದು ಅದೇ. ವಾಲ್ಯೂಮ್ ಏರಿಸಿದಂತೆ ಬೇಸ್ ಇಳಿಸುವ ಕಂಪನಿ ಸೆಟಿಂಗನ್ನೂ ಅದರಲ್ಲಿ ತಕ್ಕಮಟ್ಟಿಗೆ ತಿದ್ದಬಹುದು. ಅದಕ್ಕೆ ಬ್ಯಾಟರಿಯಿಂದ ನೇರ ತಾಮ್ರದ ವೈರ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬೇಕು. ಕಾರಿನ ಮಾಡೆಲ್ ಯಾವುದೆಂದು ತಿಳಿಸಿದರೆ ಮುಂಬಾಗಿಲಿಗೆ ಯಾವ ಅಳತೆಯ ಸ್ಪೀಕರ್ ಕೂರುತ್ತದೆ, ಆಳ ಎಷ್ಟಿರಬಹುದು ಎಂದು ನೋಡಿ ಹೇಳುತ್ತೇನೆ.